ಒಂದು ಸಂಜೆ ನಮಗಾಗಿ

ಬೆಂಗಳೂರಿನಲ್ಲಿ ಸಂಜೆ ಆರು ಗಂಟೆ ಅಂದರೆ ರಸ್ತೆ ತುಂಬಾ ಗಾಡಿ. ಬಸ್ಸಿನ ಮುಂದೆ ಕಾರು, ಹಿಂದೆ ಲಾರಿ, ಪಕ್ಕದಲ್ಲಿ ಆಟೋ. ಎಲ್ಲರೂ ಹಾರನ್ ಒತ್ತುತ್ತಾರೆ. ಯಾರೂ ಮುಂದೆ ಹೋಗಲ್ಲ.

ನಾವು ಬೆಳಗಿನಿಂದ ದುಡಿದಿರುತ್ತೇವೆ. ಗಾರ್ಮೆಂಟ್ಸ್‌ನಲ್ಲಿ ಬಟ್ಟೆ ಹೊಲಿದಿರುತ್ತೇವೆ. ನಾಲ್ಕು ಮನೆಯ ಪಾತ್ರೆ ತೊಳೆದಿರುತ್ತೇವೆ. ಕಾಲು ನೋಯುತ್ತೆ. ಸಿಟ್ಟು ಬರುತ್ತೆ. ಆ ಸಿಟ್ಟು ಕೊನೆಗೆ ಯಾರ ಮೇಲೆ? ಮನೆಯಲ್ಲಿ ಕಾಯುವ ಮಕ್ಕಳ ಮೇಲೆ. ಪಾಪ, ಮಕ್ಕಳು ಏನು ಮಾಡಿದ್ದಾವು?

ರಸ್ತೆ ಯಾಕೆ ಹೀಗೆ ತುಂಬುತ್ತದೆ? ಒಂದು ಬಸ್ಸಿನಲ್ಲಿ 50 ಜನ ಹೋಗಬಹುದು. ಅದೇ 50 ಜನ ಒಬ್ಬೊಬ್ಬರೇ ಕಾರು ತೆಗೆದರೆ 50 ಕಾರು ರಸ್ತೆಗೆ ಇಳಿಯುತ್ತವೆ. ಎಲ್ಲರೂ ಒಂದೇ ಹೊತ್ತಿಗೆ ಹೊರಡುತ್ತಾರೆ. ಹಾರನ್ ಒತ್ತಿದರೆ ದಾರಿ ಬಿಡುತ್ತದೆಯೇ? ಇಲ್ಲ. ತಲೆನೋವು ಮಾತ್ರ ಬರುತ್ತದೆ.

ದಿನವೂ ಇದೇ ಪಾಡು. ಅಪರೂಪಕ್ಕೆ ಒಂದು ಸಂಜೆ ಗೆಳತಿಯರು ಸೇರಿ ಸಿನಿಮಾಕ್ಕೆ ಹೋದರೆ ಹೇಗೆ? ಗಾಡಿಗಳು ರಸ್ತೆಯಲ್ಲಿ ನಿಂತಿರುವಾಗ ನಾವು ಟಾಕೀಸಿನಲ್ಲಿ ಕುಳಿತು ನಗಬಹುದು. ಅಳುವುದಿದ್ದರೆ ಅಳಲೂಬಹುದು. ಆಟ ಬಿಡುವ ಹೊತ್ತಿಗೆ ರಸ್ತೆಯೂ ಸ್ವಲ್ಪ ಬಿಡುವಾಗಿರುತ್ತದೆ.

“ನನಗೆ ದಾರಿ ಗೊತ್ತಿಲ್ಲ” ಎನ್ನಬೇಡಿ. ಈಗ ನಮಗೆ ಓದು ಬಂದಿದೆ. ಬಸ್ಸಿನ ಬೋರ್ಡು ಓದೋಣ. ಮೆಜೆಸ್ಟಿಕ್ ಎಂಬ ಹೆಸರು ಬಂದದ್ದೇ ಅಲ್ಲಿದ್ದ ಒಂದು ಟಾಕೀಸಿನಿಂದ. ಟಾಕೀಸು ಹೋಯಿತು, ಹೆಸರು ಉಳಿಯಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಕರ್ನಾಟಕದ ಹೆಂಗಸರು ದುಡ್ಡು ಕೊಡಬೇಕಾಗಿಲ್ಲ. ಗುರುತಿನ ಚೀಟಿ ತೋರಿಸಿ ಟಿಕೆಟ್ ಪಡೆಯಬೇಕು. ಎ.ಸಿ. ಬಸ್ಸಿಗೆ ಇದು ಇಲ್ಲ. 2011ರಿಂದ ಬೆಂಗಳೂರಿನಲ್ಲಿ ಮೆಟ್ರೋ ರೈಲೂ ಇದೆ. ಅದಕ್ಕೆ ದುಡ್ಡು ಕೊಡಬೇಕು. ಆದರೆ ಅದು ತನ್ನದೇ ದಾರಿಯಲ್ಲಿ ಓಡುತ್ತದೆ. ಸಿಗ್ನಲ್ಲಿಗೆ ಸಿಕ್ಕಿ ನಿಲ್ಲುವುದಿಲ್ಲ.

ಸಿನಿಮಾ ಟಿಕೆಟ್ಟನ್ನೂ ಓದೋಣ. ಅದರಲ್ಲಿ ಚಿತ್ರದ ಹೆಸರು, ತಾರೀಖು, ಆಟದ ಸಮಯ, ಬೆಲೆ ಇರುತ್ತವೆ. ಸೀಟಿನ ನಂಬರೂ ಇರಬಹುದು. ಚಿಲ್ಲರೆ ಎಣಿಸಿಕೊಳ್ಳೋಣ. ಒಳಗೆ ಹೋದ ಕೂಡಲೇ ಹೊರಗೆ ಹೋಗುವ ಬಾಗಿಲು ಎಲ್ಲಿದೆ ಎಂದು ನೋಡೋಣ. ಮರಳುವ ಬಸ್ಸು ಎಷ್ಟು ಹೊತ್ತಿಗೆ ಎಂದು ಮೊದಲೇ ಕೇಳಿಡೋಣ. ದಾರಿಯಲ್ಲಿ ಯಾರಾದರೂ ತೊಂದರೆ ಕೊಟ್ಟರೆ 112ಕ್ಕೆ ಫೋನ್ ಮಾಡೋಣ.

ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’. ಅದು ಬಂದದ್ದು 1934ರಲ್ಲಿ. ಅಂದಿನಿಂದ ಎಷ್ಟೋ ಹೆಂಗಸರು ತೆರೆಯ ಮೇಲಿನ ಚಿತ್ರ ನೋಡಿದರು, ಅಕ್ಷರ ಓದಲಾಗಲಿಲ್ಲ. ಈಗ ನಾವು ನಟಿಯ ಹೆಸರು ಓದಬಹುದು. ಹಾಡು ಬರೆದವರ ಹೆಸರು ಓದಬಹುದು. ಹೆಸರು ಬೇಗ ಸರಿದುಹೋದರೆ ಬೇಜಾರು ಬೇಡ. ಒಂದೆರಡು ಸಿಕ್ಕರೂ ಸಾಕು.

“ಅಡುಗೆ ಯಾರು ಮಾಡ್ತಾರೆ?” ಎಂದು ಮನೆಯಲ್ಲಿ ಕೇಳಬಹುದು. ಗಂಡಸರು ಸಿನಿಮಾಕ್ಕೆ ಹೋದಾಗ ಈ ಮಾತು ಯಾರೂ ಕೇಳುವುದಿಲ್ಲ. ಒಂದು ದಿನ ಅವರು ಅನ್ನಕ್ಕೆ ಇಡಲಿ. ಮಕ್ಕಳಿಗೆ ಬಡಿಸಲಿ. ಜಗಳ ಬೇಡ. ಎರಡು ದಿನ ಮೊದಲೇ ಸಮಾಧಾನವಾಗಿ ಹೇಳೋಣ. ದುಡಿಯುವ ಕೈಗೆ ಬಿಡುವು ಬೇಕು. ಬಿಡುವು ಕೇಳುವುದು ತಪ್ಪಲ್ಲ.

ಓದಿ, ಉತ್ತರ ಹೇಳಿ
1. ಸಂಜೆ ರಸ್ತೆ ಯಾಕೆ ತುಂಬುತ್ತದೆ?
2. ಸಿನಿಮಾ ಟಿಕೆಟ್ಟಿನಲ್ಲಿ ಏನೇನು ಇರುತ್ತದೆ?
3. ಒಂದು ಟಿಕೆಟ್ಟಿಗೆ 120 ರೂಪಾಯಿ. ಮೂವರು ಹೋದರೆ ಎಷ್ಟು? 500 ರೂಪಾಯಿ ಕೊಟ್ಟರೆ ಚಿಲ್ಲರೆ ಎಷ್ಟು ಬರಬೇಕು?

ಬರೆಯಿರಿ
ನಿಮ್ಮ ಮನೆಯಿಂದ ಟಾಕೀಸಿಗೆ ಹೋಗುವ ಬಸ್ಸಿನ ನಂಬರು, ಊರಿನ ಬೋರ್ಡು.

ಮಾತಾಡಿ
ನಿಮ್ಮ ಮನೆಯಲ್ಲಿ ಯಾರಿಗೆ ಎಷ್ಟು ಬಿಡುವು ಸಿಗುತ್ತದೆ?