ಬಾಟಲಿಯಿಂದ ನೀರಿನ ಸಾಣಿಗೆ ಮಾಡಬಹುದೇ?



ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಭಾಗದ ಅನೇಕ ಹಳ್ಳಿಗಳಲ್ಲಿ ಕೊಳವೆ ಬಾವಿಯ ನೀರು ನೋಡಲು ತಿಳಿ. ಆದರೆ ಅದರಲ್ಲಿ ಉಪ್ಪಿನ ಜೊತೆಗೆ ಫ್ಲೋರೈಡ್ ಎಂಬ ಅಂಶವೂ ಕರಗಿರುತ್ತದೆ. ನೆಲದೊಳಗಿನ ಕಲ್ಲಿನಿಂದ ಅದು ನೀರಿಗೆ ಇಳಿಯುತ್ತದೆ. ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಅದಕ್ಕಿಂತ ಬಹಳ ಹೆಚ್ಚಿದ್ದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದಾಗುತ್ತವೆ. ದೊಡ್ಡವರ ಕೀಲು, ಬೆನ್ನು ಬಿಗಿಯುತ್ತವೆ. ಅರಿವೆಯಲ್ಲಿ ಸೋಸಿದರೆ ಇದು ಹೋಗದು. ಕುದಿಸಿದರೂ ಹೋಗದು; ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಫ್ಲೋರೈಡ್ ಹೆಚ್ಚುತ್ತದೆ.

ಇದನ್ನು ತಡೆಯುವುದು ಊರಿನ ಶುದ್ಧ ನೀರಿನ ಘಟಕದೊಳಗಿನ ಪೊರೆ. ಅದು ಮೂರು ಪದರಿನ ಸಾಣಿಗೆ. ಕೆಳಗೆ ಪಾಲಿಯೆಸ್ಟರ್ ಬಟ್ಟೆ, ನಡುವೆ ಸಣ್ಣ ರಂಧ್ರಗಳ ಪ್ಲಾಸ್ಟಿಕ್ ಹಾಳೆ, ಮೇಲೆ ಕೂದಲಿನ ದಪ್ಪದ ನೂರರಲ್ಲಿ ಒಂದು ಪಾಲಿಗಿಂತಲೂ ತೆಳುವಾದ ಲೇಪ. ಪಂಪು ಒತ್ತಿದಾಗ ನೀರು ದಾಟುತ್ತದೆ, ಉಪ್ಪು ಹಿಂದೆ ನಿಲ್ಲುತ್ತದೆ.

"ತಿಪ್ಪೆಯಲ್ಲಿ ಬಿದ್ದ ಬಾಟಲಿಗಳಿಂದಲೇ ಇದನ್ನು ಮಾಡಬಾರದೇ?" ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ನೀರಿನ ಬಾಟಲಿಯೂ ಪಾಲಿಯೆಸ್ಟರ್ ಜಾತಿಯದೇ. 2019ರಲ್ಲಿ ಸೌದಿ ಅರೇಬಿಯಾದ ಕಿಂಗ್ ಅಬ್ದುಲ್ಲಾ ವಿಶ್ವವಿದ್ಯಾಲಯದ ಸಂಶೋಧಕರು ಬಾಟಲಿಯ ಪ್ಲಾಸ್ಟಿಕ್ಕಿನಿಂದ ಪೊರೆ ಮಾಡಿ ತೋರಿಸಿದರು. ಪ್ಲಾಸ್ಟಿಕ್ಕನ್ನು ದ್ರಾವಕದಲ್ಲಿ ಕರಗಿಸಿ, ದೋಸೆ ಹಿಟ್ಟಿನಂತೆ ತೆಳುವಾಗಿ ಹರಡಿ, ಬೇರೊಂದು ದ್ರವದಲ್ಲಿ ಅದ್ದಿದರೆ ದ್ರಾವಕ ಹೊರಬಂದು ರಂಧ್ರಗಳು ಉಳಿಯುತ್ತವೆ. ಆದರೆ ಇಂಥ ಹಾಳೆಯೊಂದೇ ಉಪ್ಪನ್ನು ತಡೆಯದು. ಮೇಲಿನ ತೆಳು ಲೇಪವೂ ಬೇಕು. ಸ್ಪೇನ್ ದೇಶದಲ್ಲಿ ಇನ್ನೊಂದು ದಾರಿ ಹಿಡಿದಿದ್ದಾರೆ. ಸವೆದ ಪೊರೆಯ ಮೇಲಿನ ಲೇಪವನ್ನು ಕ್ಲೋರಿನ್ ದ್ರಾವಣದಿಂದ ತೆಗೆದು, ಕೆಸರು ಮತ್ತು ರೋಗಾಣು ತಡೆಯುವ ಸೋಸುಕವಾಗಿ ಮತ್ತೆ ಬಳಸುತ್ತಾರೆ.

ಇವೆಲ್ಲ ಪ್ರಯೋಗಶಾಲೆಯ ಕೆಲಸ. ದ್ರಾವಕಗಳು ವಿಷ. ಮನೆಯಲ್ಲಿ ಪ್ಲಾಸ್ಟಿಕ್ ಕರಗಿಸಿ ನೀರು ಸೋಸಲು ಯಾರೂ ಹೋಗಬೇಡಿರಿ. ನಮ್ಮ ಕೈಯಲ್ಲಿರುವ ಕೆಲಸ ಇಷ್ಟು:

1. ಕೊಳವೆ ಬಾವಿಯ ನೀರನ್ನೂ, ಘಟಕದ ನೀರನ್ನೂ ಬೇರೆ ಬೇರೆಯಾಗಿ ಪರೀಕ್ಷೆ ಮಾಡಿಸಿರಿ. ಪೊರೆ ಸವೆದರೆ ನಾಲಿಗೆಗೆ ಫ್ಲೋರೈಡ್ ತಿಳಿಯದು.

2. ಕುಡಿಯಲು ಮಾತ್ರವಲ್ಲ, ಅನ್ನ, ಬೇಳೆ ಬೇಯಿಸಲೂ ಘಟಕದ ನೀರನ್ನೇ ಬಳಸಿರಿ.

3. ಘಟಕದಿಂದ ಹೊರಬೀಳುವ ನೀರಿನಲ್ಲಿ ಉಪ್ಪು, ಫ್ಲೋರೈಡ್ ಎರಡೂ ಹೆಚ್ಚು. ಅದನ್ನು ದನಕ್ಕೆ ಕುಡಿಸಬೇಡಿರಿ, ಹೊಲಕ್ಕೂ ಬಿಡಬೇಡಿರಿ. ಸವಳಾದ ಭೂಮಿಯ ಕಷ್ಟ ಗಂಗಾವತಿಯ ಕಾಲುವೆ ಭಾಗದವರಿಗೆ ಗೊತ್ತೇ ಇದೆ. ಪಾಯಿಖಾನೆ ತೊಳೆಯಲು ಆ ನೀರು ಸಾಕು.

4. ತಳದಲ್ಲಿ ತ್ರಿಕೋನದೊಳಗೆ 1 ಎಂಬ ಅಂಕಿ ಇರುವ ಬಾಟಲಿಗಳನ್ನು ಸುಡದೆ, ಬೇರೆ ಚೀಲದಲ್ಲಿ ಕೂಡಿಟ್ಟು ಪಂಚಾಯಿತಿಯ ಕಸದ ಗಾಡಿಗೆ ಕೊಡಿರಿ. ಮಣ್ಣು ಮೆತ್ತಿದ, ಬೆರಕೆಯಾದ ಪ್ಲಾಸ್ಟಿಕ್ಕಿನಿಂದ ಒಳ್ಳೆಯ ಪದಾರ್ಥ ಹುಟ್ಟುವುದಿಲ್ಲ.

ಬಾಟಲಿಯ ಪೊರೆ ನಾಳೆ ಬಂದೀತು. ಮಗುವಿನ ಹಲ್ಲು ನಾಳೆಗೆ ಕಾಯುವುದಿಲ್ಲ. ಇಂದಿನ ಪೊರೆಯನ್ನು ಮೊದಲು ಕಾಪಾಡೋಣ.