ಶೆಡ್ಡಿನಲ್ಲಿರುವ ಎಂಜಿನ್ ಪುಕ್ಕಟೆಯಲ್ಲ

ಅಮೆರಿಕದಲ್ಲಿ ಡ್ರ್ಯಾಗ್ ರೇಸಿಂಗ್ ಎಷ್ಟೋ ಕುಟುಂಬಗಳ ವಾರಾಂತ್ಯದ ಆಟ. ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್ ನೇರ ಹಾದಿಯಲ್ಲಿ ಎರಡು ಕಾರುಗಳು ಜೋಡಿಯಾಗಿ ಓಡುತ್ತವೆ. ಅಪ್ಪ ಸ್ಟೀರಿಂಗ್ ಹಿಡಿದರೆ ಮಕ್ಕಳು ಸ್ಪ್ಯಾನರ್ ಹಿಡಿಯುತ್ತಾರೆ. ಮನೆಯಲ್ಲಿ 1969ರ ಶೆವ್ರೊಲೆ ಕಮಾರೊ ಒಂದು, 1970ರ ನೋವಾ ಒಂದು ಇದ್ದರೆ, ‘ಇದರ ಎಂಜಿನ್ ಅದಕ್ಕೆ ಕೂರಿಸಿದರಾಯಿತು, ಖರ್ಚೇ ಇಲ್ಲ’ ಎಂಬ ಮಾತು ಬರದೆ ಇರದು. ನನ್ನ ತಕರಾರು ಆ ‘ಖರ್ಚೇ ಇಲ್ಲ’ದ ಮೇಲೆ. ಕಳಚುವ ಭಾಗಕ್ಕೆ ಹಿಂದೆ ಎಷ್ಟು ಕೊಟ್ಟಿದ್ದೆವು ಎಂಬುದು ಲೆಕ್ಕಕ್ಕೆ ಬಾರದು. ಅದು ಹೋದದ್ದರಿಂದ ಕೊಡುವ ಕಾರಿನ ಇಂದಿನ ಬೆಲೆ ಎಷ್ಟು ಇಳಿಯಿತೋ ಅದೇ ಅದರ ಖರ್ಚು. ಆ ಮೊತ್ತವನ್ನು ಬೋಲ್ಟ್ ಸಡಿಲಿಸುವ ಮೊದಲೇ ಬರೆದಿಡಬೇಕು.

ಆಸೆ ಹುಟ್ಟುವುದಕ್ಕೆ ಕಾರಣವಿದೆ. 1955ರಲ್ಲಿ ಬಂದ ಶೆವ್ರೊಲೆ ಸ್ಮಾಲ್ ಬ್ಲಾಕ್ ವಿ8 ದಶಕಗಳ ಕಾಲ ಗಾತ್ರ ಬದಲಿಸಿಕೊಂಡರೂ ಗೇರ್‌ಬಾಕ್ಸಿಗೆ ಸೇರುವ ಬೋಲ್ಟ್ ತೂತುಗಳ ಜಾಗ ಬದಲಿಸಲಿಲ್ಲ. ಹೀಗಾಗಿ ಒಂದರದ್ದು ಇನ್ನೊಂದಕ್ಕೆ ಸಲೀಸಾಗಿ ಕೂರುತ್ತದೆ. ಆದರೆ ಕೂರುವುದೆಲ್ಲ ಒಗ್ಗುವುದಿಲ್ಲ. 1970ರಲ್ಲಿ ಬಂದ 400 ಘನ ಅಂಗುಲದ ಎಂಜಿನ್ ನೋಡಲು 350 ಘನ ಅಂಗುಲದ ಎಂಜಿನ್ನಿನಂತೆಯೇ ಇದೆ. ಅದರ ತೂಕದ ಸಮತೋಲವನ್ನು ಮಾತ್ರ ಹೊರಗಿನ ಬ್ಯಾಲೆನ್ಸರ್ ಮತ್ತು ಫ್ಲೆಕ್ಸ್‌ಪ್ಲೇಟ್ ಕಾಯುತ್ತವೆ. ಹಳೆಯ 350ರ ಬ್ಯಾಲೆನ್ಸರನ್ನೇ ಹಾಕಿ ಓಡಿಸಿದರೆ ಎಂಜಿನ್ ನಡುಗಿ ನಡುಗಿ ಬೇರಿಂಗ್ ತಿನ್ನುತ್ತದೆ. 350ರ ಸಿಲಿಂಡರ್ ಹೆಡ್ ಹಾಕಬೇಕೆಂದರೆ ಹಬೆ ಹೋಗಲು ಸಣ್ಣ ರಂಧ್ರಗಳನ್ನು ಕೊರೆಸಬೇಕು. ಪುಕ್ಕಟೆ ಎಂಜಿನ್ ಹೀಗೆ ವರ್ಕ್‌ಶಾಪಿನ ಬಿಲ್ಲಾಗುತ್ತದೆ. ಇನ್ನು ಕಮಾರೊ ಕಡೆಯ ನಷ್ಟ ದೊಡ್ಡದು. 1968ರ ಮಾಡೆಲ್‌ಗಳಿಂದ ಜನರಲ್ ಮೋಟಾರ್ಸ್ ಎಂಜಿನ್ ಬ್ಲಾಕಿನ ಮೇಲೆ ಆಯಾ ಕಾರಿನ ಗುರುತಿನ ಸಂಖ್ಯೆಯ ಕೊನೆಯ ಅಂಕಿಗಳನ್ನು ಒತ್ತುತ್ತಿತ್ತು. ಆ ಸಂಖ್ಯೆಗಳು ತಾಳೆಯಾಗುವ ಕಾರಿಗೆ ಸಂಗ್ರಾಹಕರು ಹೆಚ್ಚು ಹಣ ಕೊಡುತ್ತಾರೆ. ಎಂಜಿನ್ ಹೊರಬಂದ ದಿನವೇ ಆ ಹೆಚ್ಚುವರಿ ಕೈಬಿಟ್ಟು ಹೋಗುತ್ತದೆ. (ನಮ್ಮಲ್ಲೂ 2021ರ ನಿಯಮದಂತೆ 50 ವರ್ಷ ದಾಟಿದ ವಾಹನಕ್ಕೆ ವಿಂಟೇಜ್ ನೋಂದಣಿ ಬೇಕಾದರೆ ಷಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು.)

‘ದೊಡ್ಡ ಎಂಜಿನ್ ಇಲ್ಲದೆ ಗೆಲ್ಲುವುದು ಹೇಗೆ?’ ಎಂದು ಕೇಳುವವರಿದ್ದಾರೆ. ಕುಟುಂಬಗಳು ಹೆಚ್ಚಾಗಿ ಆಡುವ ಬ್ರಾಕೆಟ್ ರೇಸಿಂಗ್‌ನಲ್ಲಿ ಈ ಪ್ರಶ್ನೆಗೇ ಅರ್ಥ ಕಡಿಮೆ. ತನ್ನ ಕಾರು ಎಷ್ಟು ಸೆಕೆಂಡಿಗೆ ಗುರಿ ಮುಟ್ಟುತ್ತದೆಂದು ಚಾಲಕನೇ ಮೊದಲು ಘೋಷಿಸುತ್ತಾನೆ. ಒಬ್ಬ 14.00, ಇನ್ನೊಬ್ಬ 12.50 ಎಂದರೆ ನಿಧಾನದ ಕಾರಿಗೆ ಒಂದೂವರೆ ಸೆಕೆಂಡು ಮೊದಲೇ ಹಸಿರು ದೀಪ. ಘೋಷಿಸಿದ್ದಕ್ಕಿಂತ ವೇಗವಾಗಿ ಓಡಿದವನು ಸಾಮಾನ್ಯವಾಗಿ ಸೋಲುತ್ತಾನೆ. ಇಲ್ಲಿ ಪ್ರತಿ ಸಲ ಒಂದೇ ಸಮಯಕ್ಕೆ ಓಡುವ ಕಾರಿಗೆ ಬೆಲೆ. ಆ ಗುಣ ಸುಸ್ಥಿತಿಯ ಸಾಧಾರಣ 350ರಲ್ಲೂ ಇದೆ. ವೇಗಕ್ಕೆ ಇನ್ನೊಂದು ತೆರಿಗೆಯೂ ಉಂಟು. ಕಾಲು ಮೈಲಿಯನ್ನು 11.49 ಸೆಕೆಂಡು ಅಥವಾ ಅದಕ್ಕಿಂತ ಬೇಗ ಮುಟ್ಟುವ ಹಳೆಯ ಕಾರಿಗೆ ಅಮೆರಿಕದ ಡ್ರ್ಯಾಗ್ ರೇಸಿಂಗ್ ಸಂಸ್ಥೆ ಎನ್‌ಎಚ್‌ಆರ್‌ಎಯ ನಿಯಮ, ಮಗುಚಿದರೆ ಚಾಲಕನನ್ನು ಕಾಯುವ ರೋಲ್ ಬಾರ್ ಕೇಳುತ್ತದೆ, 9.99ಕ್ಕೆ ಬಂದರೆ ರೋಲ್ ಕೇಜ್. ಹನ್ನೆರಡು ಸೆಕೆಂಡಿನ ಆಸುಪಾಸಿನಲ್ಲಿ ನಿಂತರೆ ಆ ಖರ್ಚು ಬರುವುದೇ ಇಲ್ಲ. ವೇಗವೇ ಸುಖ ಎನ್ನುವವರೊಂದಿಗೆ ನನಗೆ ಜಗಳವಿಲ್ಲ, ಆದರೆ ಆ ಸುಖದ ಬೆಲೆಯಲ್ಲಿ ಇದನ್ನೂ ಸೇರಿಸಲಿ.

ತುಕ್ಕು ಹಿಡಿಯುತ್ತಾ ನಿಂತ ಕಾರಿನಿಂದ ತೆಗೆದರೆ ನಷ್ಟವೇನು ಎಂಬ ವಾದದಲ್ಲಿ ಹುರುಳಿದೆ. ತಳ ಕೊಳೆತ, ಮೂಲ ಎಂಜಿನ್ ಎಂದೋ ಕಳೆದುಕೊಂಡ ನೋವಾ ಇಡಿಯಾಗಿ ಮಾರಿದರೆ ಗುಜರಿಯ ಬೆಲೆಯಷ್ಟೆ. ಬಿಡಿಬಿಡಿಯಾಗಿ ಹೆಚ್ಚು ತರುತ್ತದೆ. ಅಂಥದ್ದರಿಂದ ಧಾರಾಳವಾಗಿ ಕಳಚಿ, ಉಳಿದದ್ದನ್ನು ಮಾರಿ ರೇಸಿನ ಖರ್ಚಿಗೆ ಹಾಕಿಕೊಳ್ಳಬಹುದು. ನನಗೆ ಒಪ್ಪಿಗೆಯಾಗದ್ದು ‘ಆಮೇಲೆ ವಾಪಸ್ ಹಾಕಿದರಾಯಿತು’ ಎಂಬ ಸಮಾಧಾನ. ಕೂಲಿ ಎರಡು ಸಲ, ಗ್ಯಾಸ್ಕೆಟ್ ಎರಡು ಸಲ. ಜೊತೆಗೆ ನಿಂತಲ್ಲಿಂದ ಪೂರ್ತಿ ಥ್ರಾಟಲಿನಲ್ಲಿ ಚಿಮ್ಮಿಸುವ ಆಟವಿದು. ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕ್ ಒಡೆದರೆ ಒತ್ತಿದ ಸಂಖ್ಯೆಯೂ ಅದರ ಜೊತೆ ಗುಜರಿಗೆ ಹೋಗುತ್ತದೆ. ಬೇರೆ ಬ್ಲಾಕಿನ ಮೇಲೆ ಅದೇ ಸಂಖ್ಯೆ ಒತ್ತಿಸಿ ಅಸಲಿಯೆಂದು ಮಾರುವುದು ಮೋಸ.