ಗುರುಗಳು ಬರುವ ತನಕ



ಕೆಲವು ವರ್ಷಗಳ ಹಿಂದಿನ ಮಾತು. ಇಂಗಳೇಶ್ವರದ ಸೀಮೆಯ ಒಂದು ಹಳ್ಳಿ. ಅಲ್ಲಿ ನಮ್ಮವರ ಮನೆಗಳು ಬೆರಳೆಣಿಕೆಯಷ್ಟು. ಬೇಸಿಗೆ ಬಂತೆಂದರೆ ಗಟ್ಟಿಮುಟ್ಟಾದವರು ದುಡಿಯಲು ಗೋವಾಕ್ಕೆ, ಪುಣೆಗೆ ಹೋಗುತ್ತಾರೆ. ಊರಲ್ಲಿ ಉಳಿಯುವವರು ಮುದುಕರು, ಮಕ್ಕಳು. ಅಂಥ ದಿನಗಳಲ್ಲಿ ಒಬ್ಬ ಅಜ್ಜ ತೀರಿಕೊಂಡರು. ಸುದ್ದಿ ನನಗೆ ತಡವಾಗಿ ಮುಟ್ಟಿತು. ಬಸ್ಸು ಹಿಡಿದು ಹೋಗುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಆ ಬಿಸಿಲಿನಲ್ಲಿ ಇನ್ನು ಕಾಯಲಾಗದೆ, ಕೂಲಿ ಮಾಡುವ ತಾಯಿಯೊಬ್ಬಳು ಮುಂದೆ ನಿಂತು ಜಪಮಾಲೆ ಹೇಳಿಸಿ, ಶುಭಸಂದೇಶದ ಒಂದು ಭಾಗವನ್ನು ಅಜ್ಜನ ಮೊಮ್ಮಗನ ಕೈಲಿ ಓದಿಸಿ, ಎಲ್ಲರಿಂದ ಹಿಡಿ ಮಣ್ಣು ಹಾಕಿಸಿದ್ದಳು. ನನ್ನನ್ನು ಕಂಡೊಡನೆ ಅಂಜುತ್ತಾ ಕೇಳಿದಳು: “ಫಾದರ್, ನಾ ಮಾಡಿದ್ದು ತಪ್ಪಾತೇನ್ರಿ? ಅಜ್ಜಗ ಇದು ಮುಟ್ಟತೈತೋ ಇಲ್ಲೋ?”

ತಪ್ಪಾಗಿಲ್ಲ ತಾಯಿ ಎಂದೆ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಕೆ ಅಂಜಿದ್ದೇಕೆ? ಪ್ರಾರ್ಥನೆ ನಡೆಸುವುದು ಗುರುಗಳ ಕೆಲಸ, ನಮ್ಮದು ಕೇಳುವ ಕೆಲಸ ಎಂದು ಅವಳಿಗೆ ಕಲಿಸಿದವರು ಯಾರು? ಎಲ್ಲವನ್ನೂ ನಾನೇ ಮಾಡುತ್ತಾ, ಯಾರಾದರೂ ಮುಂದೆ ಬಂದರೆ “ನೋಡೋಣ” ಎನ್ನುತ್ತಾ ಬಂದ ನಾನೇ ಅಲ್ಲವೇ?

ಧರ್ಮಸಭೆಯ ಬೋಧನೆ

1969ರಲ್ಲಿ ಪರಿಷ್ಕೃತವಾದ ಅಂತ್ಯಸಂಸ್ಕಾರದ ವಿಧಿಗ್ರಂಥವು, ಗುರುಗಳಾಗಲಿ ಡೀಕನ್ ಆಗಲಿ ಇಲ್ಲದ ಕಡೆ ಮನೆಯಲ್ಲೂ ಸಮಾಧಿಯ ಬಳಿಯೂ ಶ್ರೀಸಾಮಾನ್ಯರೇ ಪ್ರಾರ್ಥನೆ ನಡೆಸುವುದಕ್ಕೆ ಅವಕಾಶ ಕೊಟ್ಟಿದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ, ತುರ್ತು ಸಂದರ್ಭದಲ್ಲಿ ಸರಿಯಾದ ಉದ್ದೇಶವಿರುವ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದು. ಬಲಿಪೂಜೆ, ಪಾಪಕ್ಷಮೆ, ರೋಗಿಗಳ ಅಭ್ಯಂಗ ಇವು ಮಾತ್ರ ಗುರುದೀಕ್ಷೆ ಪಡೆದವರಿಗೆ ಸೇರಿದ್ದು. ಈ ವ್ಯತ್ಯಾಸ ಹಿರಿಯರು ಕಿರಿಯರು ಎಂಬುದಲ್ಲ. ಒಂದೇ ದೇಹದ ಅಂಗಗಳಿಗೆ ಬೇರೆ ಬೇರೆ ಕೆಲಸ.

ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಧರ್ಮಸಭೆಯನ್ನು ಕುರಿತ ಸಂವಿಧಾನದಲ್ಲಿ, ದೀಕ್ಷಾಸ್ನಾನ ಪಡೆದವರೆಲ್ಲರೂ ಕ್ರಿಸ್ತನ ಯಾಜಕ, ಪ್ರವಾದಿ, ರಾಜ ಸೇವೆಗಳಲ್ಲಿ ಪಾಲುಗಾರರೆಂದು ಬೋಧಿಸಿತು. 1965ರ ನವೆಂಬರ್ 18ರಂದು ಶ್ರೀಸಾಮಾನ್ಯರ ಪ್ರೇಷಿತಕಾರ್ಯವನ್ನು ಕುರಿತ ಆಜ್ಞಾಪತ್ರವನ್ನೇ ಹೊರಡಿಸಿತು. ಅದರ ತಿರುಳು ಇದು: ಈ ಕರೆ ಗುರುಗಳ ಅನುಗ್ರಹದಿಂದ ಬಂದದ್ದಲ್ಲ, ದೀಕ್ಷಾಸ್ನಾನ ಮತ್ತು ದೃಢೀಕರಣದ ಮೂಲಕ ಪ್ರಭುವೇ ಕೊಟ್ಟದ್ದು. ಹಾಗಾದರೆ ಆ ತಾಯಿ ನನ್ನ ಜಾಗದಲ್ಲಿ ನಿಂತದ್ದಲ್ಲ, ತನ್ನ ಜಾಗದಲ್ಲೇ ನಿಂತದ್ದು. ಆಕೆಯ ಬಾಯಲ್ಲಿ ಪ್ರಾರ್ಥಿಸಿದ್ದು ಇಡೀ ಧರ್ಮಸಭೆ. ಅಜ್ಜನಿಗೆ ಅದು ಮುಟ್ಟಿತು. ನಾನು ಮರುದಿನ ಅರ್ಪಿಸಿದ ಬಲಿಪೂಜೆ ಆ ಪ್ರಾರ್ಥನೆಯನ್ನು ತಿದ್ದಲಿಲ್ಲ, ಅದರೊಂದಿಗೆ ಕೂಡಿಕೊಂಡಿತು.

ದುಡಿಯುವ ಕೈಗಳು

ಪ್ರೇಷಿತರ ಕಾರ್ಯಕಲಾಪಗಳಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ಎಂಬ ದಂಪತಿ ಬರುತ್ತಾರೆ. ಡೇರೆ ಹೊಲಿಯುವುದು ಅವರ ಕಸುಬು. ರೋಮಿನಿಂದ ಹೊರದೂಡಲ್ಪಟ್ಟು ಕೊರಿಂಥಕ್ಕೆ ವಲಸೆ ಬಂದವರು. ಸಂತ ಪೌಲರು ಅವರ ಮನೆಯಲ್ಲೇ ಉಳಿದು ಅವರೊಂದಿಗೆ ಕೆಲಸ ಮಾಡಿದರು. ಅಪೊಲ್ಲೋ ಎಂಬ ಪಂಡಿತನಿಗೆ ಪ್ರಭುವಿನ ಮಾರ್ಗವನ್ನು ಬಿಡಿಸಿ ಹೇಳಿದವರು ಈ ಗಂಡಹೆಂಡತಿ. ಅವರ ಮನೆಯಲ್ಲೇ ಭಕ್ತರ ಸಭೆ ಕೂಡುತ್ತಿತ್ತು. ದುಡಿಯಲು ಪರವೂರಿಗೆ ಹೋಗುವ ನಮ್ಮ ಕುಟುಂಬಗಳಿಗೆ ಇದಕ್ಕಿಂತ ಹತ್ತಿರದ ಆದರ್ಶ ಬೇಕೇ?

ನಮ್ಮ ದೇಶದ ಸಂತ ದೇವಸಹಾಯಂ ಅವರು ಗುರುಗಳಲ್ಲ. ತಿರುವಾಂಕೂರು ಸಂಸ್ಥಾನದ ನೌಕರರು, ಸಂಸಾರಸ್ಥರು. 1745ರಲ್ಲಿ ದೀಕ್ಷಾಸ್ನಾನ ಪಡೆದು 1752ರಲ್ಲಿ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟರು. 2022ರ ಮೇ 15ರಂದು ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು. ಭಾರತದ ಶ್ರೀಸಾಮಾನ್ಯರಲ್ಲಿ ಆ ಪದವಿಗೇರಿದ ಮೊದಲಿಗರು ಅವರು.

ಇನ್ನು ನಾವು ಬಾಳುತ್ತಿರುವ ನೆಲ ಬಸವಣ್ಣನವರ ಹೆಸರಿನೊಂದಿಗೆ ಬೆರೆತ ನೆಲ. ಕಾಯಕ, ದಾಸೋಹ ಎಂದರೆ ಏನೆಂದು ನಮ್ಮ ನೆರೆಹೊರೆಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ನಮ್ಮ ವಿಶ್ವಾಸ ಬೇರೆಯಾದರೂ, ದುಡಿಮೆಯನ್ನು ಪೂಜೆಯಿಂದ ಬೇರ್ಪಡಿಸಬಾರದೆಂಬ ಪಾಠ ನಮಗೂ ಬೇಕು. ಮಹಾಸಭೆ ಹೇಳುವಂತೆ ಶ್ರೀಸಾಮಾನ್ಯರ ವಿಶೇಷ ಸೇವಾಕ್ಷೇತ್ರ ಈ ಲೋಕವೇ. ಹಬ್ಬದ ದಿನ ಮುಂದಿನ ಕುರ್ಚಿಗಾಗಿ ಜಗಳವಾಡುವುದು ಸೇವೆಯಲ್ಲ. ಕೂಲಿಯ ಲೆಕ್ಕವನ್ನು ಪ್ರಾಮಾಣಿಕವಾಗಿ ಬರೆಯುವುದು, ಯಾವ ಜಾತಿಯವಳೇ ಆಗಲಿ ಓಣಿಯ ವಿಧವೆಗೆ ಪಿಂಚಣಿ ಅರ್ಜಿ ತುಂಬಿಕೊಡುವುದು, ಕುಡಿತಕ್ಕೆ ಬಿದ್ದ ಗೆಳೆಯನನ್ನು ಕೈಬಿಡದಿರುವುದು ಸೇವೆ.

“ನಮಗೆ ಓದು ಬರಂಗಿಲ್ರಿ, ಹೊತ್ತೂ ಇಲ್ರಿ” ಎನ್ನುವವರಿದ್ದಾರೆ. ಆ ತಾಯಿಗೂ ಓದು ಬರುತ್ತಿರಲಿಲ್ಲ. ಆದ್ದರಿಂದಲೇ ಹುಡುಗನ ಕೈಲಿ ಓದಿಸಿದಳು. ತನಗೆ ಇಲ್ಲದ್ದನ್ನು ಮತ್ತೊಬ್ಬರಲ್ಲಿ ಕಂಡು ಕರೆಯುವುದೂ ಪವಿತ್ರಾತ್ಮರ ವರವೇ.

ಈಗ ಆ ಹಳ್ಳಿಯಲ್ಲಿ ಮೂವರು ಅಂತ್ಯಸಂಸ್ಕಾರದ ಪ್ರಾರ್ಥನೆಗಳನ್ನು ಕಲಿತಿದ್ದಾರೆ. ಪುಸ್ತಕ ಆ ತಾಯಿಯ ಮನೆಯಲ್ಲಿದೆ. ನಾನು ಈಗಲೂ ಓಡಿಹೋಗುತ್ತೇನೆ. ಆದರೆ ನಾನು ಬರುವ ತನಕ ಅಲ್ಲಿ ಧರ್ಮಸಭೆ ಇಲ್ಲವೆಂದು ಈಗ ಯಾರೂ ಅನ್ನುವುದಿಲ್ಲ, ನಾನೂ ಅನ್ನುವುದಿಲ್ಲ.

ಮನೆಯವರೆಲ್ಲ ಕುಳಿತು ಚಿಂತಿಸಲು

1. ನಮ್ಮ ಓಣಿಯಲ್ಲಿ ಕಾಯಿಲೆಯಿಂದ ಮಲಗಿರುವವರನ್ನು ಈ ವಾರ ನಮ್ಮಲ್ಲಿ ಯಾರು ಹೋಗಿ ನೋಡುತ್ತೇವೆ?
2. ತುರ್ತಿನಲ್ಲಿ ದೀಕ್ಷಾಸ್ನಾನ ಕೊಡುವ ಕ್ರಮ ನಮಗೆ ಗೊತ್ತಿದೆಯೇ? ಗೊತ್ತಿಲ್ಲದಿದ್ದರೆ ಭಾನುವಾರ ಗುರುಗಳನ್ನು ಕೇಳೋಣ.

ಪ್ರಾರ್ಥನೆ: ಪ್ರಭುವೇ, ನಿಮ್ಮ ದ್ರಾಕ್ಷಿತೋಟದಲ್ಲಿ ನಮಗೂ ಒಂದು ಸಾಲು ಕೊಟ್ಟಿದ್ದೀರಿ. ಅಂಜಿಕೆ ಬಿಡಿಸಿ, ಅದರಲ್ಲಿ ದುಡಿಯುವ ಮನಸ್ಸು ಕೊಡಿ. ಆಮೆನ್.